8 ಎಂಬಿ ಚೀಟಿಗಳು ಪೆನ್‌ಡ್ರೈವ್‌ನಲ್ಲಿ 1.17 ಜಿಬಿ ತಿಂದಿವೆ, ಯಾಕೆ?

ಚೀಟಿಪೆಟ್ಟಿಗೆ:
ಅಪ್ಪ ನಮ್ಮ ಕಡೆ ತೋಟದ ಮಾತುಗಳನ್ನ ಚೀಟಿಯಲ್ಲಿ ಬರೆದಿಟ್ಟಿದ್ರು. ಎರಡು ಮಳೆಗಾಲ ಕೂತು ಟೈಪ್ ಮಾಡ್ದೆ. ಪದಕ್ಕೊಂದು ನೋಟ್‌ಪ್ಯಾಡ್ ಫೈಲು, ಒಟ್ಟು 9,600. ಅಕ್ಕನಿಗೆ ಕೊಡೋಣ ಅಂತ 64 ಜಿಬಿ ಪೆನ್‌ಡ್ರೈವಿಗೆ ಹಾಕಿದ್ರೆ ಪ್ರಾಪರ್ಟೀಸ್‌ನಲ್ಲಿ ‘ಸೈಜ್’ 8.2 ಎಂಬಿ, ಅದರ ಕೆಳಗೇ ‘ಸೈಜ್ ಆನ್ ಡಿಸ್ಕ್’ 1.17 ಜಿಬಿ! ಪೇಟೆ ಅಂಗಡಿಯವ ನೋಡಿ “ವೈರಸ್ಸು, ಫಾರ್ಮ್ಯಾಟ್ ಹೊಡೀರಿ” ಅಂದ. ಹೌದಾ?

ಗಣಕಭಟ್ಟ:
ಒಂದು ಕೆಬಿಗೆ ಕಂಪನಿಯವರು 1000 ಬೈಟಿನ ಲೆಕ್ಕ, ವಿಂಡೋಸ್ 1024ರ ಲೆಕ್ಕ. ಅದೇ ವ್ಯತ್ಯಾಸ.

ಚೀಟಿಪೆಟ್ಟಿಗೆ:
64 ಹೋಗಿ 59.6 ಆಗೋದು ಅದರಿಂದ, ಗೊತ್ತು ಸ್ವಾಮಿ. 8 ಎಂಬಿ ನೂರೈವತ್ತು ಪಟ್ಟು ಹಿಗ್ಗತ್ತಾ?

ಹಳೇಡಿಸ್ಕು:
ವೈರಸ್ಸೂ ಅಲ್ಲ, ಮಣ್ಣೂ ಅಲ್ಲ. ಅಡಿಕೆ ಮಂಡಿ ನೋಡಿದೀರಲ್ಲ? ಇಬ್ಬರ ಅಡಿಕೆ ಒಂದೇ ಚೀಲಕ್ಕೆ ಸುರಿಯಲ್ಲ. ನಿಮ್ಮದು ಬರೀ ಒಂದು ಹಿಡಿ ಇದ್ರೂ ಚೀಲ ಪೂರ್ತಿ ನಿಮ್ಮ ಹೆಸರಿಗೇ. ಡಿಸ್ಕಲ್ಲಿ ಆ ಚೀಲಕ್ಕೆ ಕ್ಲಸ್ಟರ್ ಅಂತಾರೆ. ನಿಮ್ಮ ಪೆನ್‌ಡ್ರೈವ್ ಎಕ್ಸ್‌ಫ್ಯಾಟ್ (ಡ್ರೈವಲ್ಲಿ ಫೈಲು ಜೋಡಿಸಿಡೋ ಒಂದು ಪದ್ಧತಿ) ಇರಬೇಕು. 32 ಜಿಬಿಗಿಂತ ದೊಡ್ಡದಾದ್ರೆ ವಿಂಡೋಸ್ ಅದಕ್ಕೆ ತಾನಾಗಿ 128 ಕೆಬಿ ಚೀಲ ಹೊಲಿಯತ್ತೆ. 9,600 ಸಲ 128 ಕೆಬಿ ಗುಣಿಸಿ, ಸರಿಯಾಗಿ 1200 ಎಂಬಿ, ಅಂದ್ರೆ ನಿಮ್ಮ 1.17 ಜಿಬಿ. ಲ್ಯಾಪ್‌ಟಾಪಿನ ಎನ್‌ಟಿಎಫ್‌ಎಸ್‌ನಲ್ಲಿ (ಅಲ್ಲಿನ ಪದ್ಧತಿ ಅದು) ಚೀಲ 4 ಕೆಬಿ, ಹಾಗಾಗಿ ಅಲ್ಲಿ ಹೆಚ್ಚೆಂದರೆ 37.5 ಎಂಬಿ. ಯಾರ ಕಣ್ಣಿಗೂ ಬೀಳಲ್ಲ.

ಫಾರ್ಮ್ಯಾಟ್ ಮಾಡುವಾಗ ‘ಅಲೊಕೇಶನ್ ಯೂನಿಟ್ ಸೈಜ್’, ಅಂದ್ರೆ ಚೀಲದ ಅಳತೆ, ಚಿಕ್ಕದು ಆರಿಸಬಹುದು, ಆದ್ರೆ ಡ್ರೈವಲ್ಲಿದ್ದಿದ್ದೆಲ್ಲ ಅಳಿಸಿಹೋಗತ್ತೆ. ಅದಕ್ಕಿಂತ ಜಿಪ್ ಮಾಡಿ. ಆಗ ಎಲ್ಲಾ ಸೇರಿ ಒಂದೇ ಫೈಲು, ವ್ಯರ್ಥ ಆಗೋದು ಕೊನೇ ಚೀಲದಲ್ಲಿ ಮಾತ್ರ.

ಅಂದಹಾಗೆ, ಪದಗಳನ್ನೆಲ್ಲ ಒಂದೇ ಫೈಲಲ್ಲಿ ಬರೀಬಹುದಿತ್ತಲ್ಲ ಮಾರಾಯ್ರೆ?

ಚೀಟಿಪೆಟ್ಟಿಗೆ:
ಅಪ್ಪನ ಚೀಟಿ ಬಿಡಿಬಿಡಿಯಾಗಿದ್ವು, ನಾನೂ ಹಾಗೇ ಇಟ್ಟೆ.

ನಿಮ್ಮ ಮಾತು ಪರೀಕ್ಷೆ ಮಾಡ್ದೆ. ‘ದೋಟಿ’ ಅಂತ ಅಷ್ಟೇ ಬರೆದು ಸೇವ್ ಮಾಡಿದ್ರೆ ಫೈಲು 12 ಬೈಟು. ಕಾಣೋದು ಎರಡಕ್ಷರ, ಒಳಗೆ ದ, ಓತ್ವ, ಟ, ಗುಡಿಸು, ಒಂದೊಂದಕ್ಕೆ ಮೂರು ಬೈಟು. ಪೆನ್‌ಡ್ರೈವಲ್ಲಿ ಆ 12 ಬೈಟಿಗೆ 128 ಕೆಬಿ! ವಿಚಿತ್ರ ಅಂದ್ರೆ ಲ್ಯಾಪ್‌ಟಾಪಲ್ಲಿ ಅದೇ ಫೈಲಿಗೆ ‘ಸೈಜ್ ಆನ್ ಡಿಸ್ಕ್’ 0 ಬೈಟು ತೋರಿಸ್ತಿದೆ.

ಹಳೇಡಿಸ್ಕು:
ಎನ್‌ಟಿಎಫ್‌ಎಸ್‌ನಲ್ಲಿ ಪ್ರತಿ ಫೈಲಿನ ವಿವರ ಬರೆಯೋ ಒಂದು ಲೆಡ್ಜರ್ ಇರತ್ತೆ. ಇಷ್ಟು ಪುಟಾಣಿ ಫೈಲಾದ್ರೆ ವಿಷಯವನ್ನೂ ಆ ಲೆಡ್ಜರಲ್ಲೇ ಗೀಚಿಬಿಡತ್ತೆ, ಚೀಲಾನೇ ಬೇಕಾಗಲ್ಲ.

ಚೀಟಿಪೆಟ್ಟಿಗೆ:
ಜಿಪ್ ಆಯ್ತು, 6 ಎಂಬಿ ಚಿಲ್ಲರೆ. ಕಾಪಿ ಮಾಡೋಕೆ ಮೊನ್ನೆ ಮುಕ್ಕಾಲು ಗಂಟೆ ಹಿಡಿದಿತ್ತು, ಇವತ್ತು ಕಣ್ಣು ಮಿಟುಕಿಸೋದ್ರೊಳಗೆ ಮುಗೀತು.