ಅರ್ಧ ಬೆಲೆಗೆ ಅಪರಾಧ

"ಒಟ್ಟು ಆರೂವರೆ ಸಾವಿರ ರೂಪಾಯಿ ಬಾಕಿಯಿತ್ತು. ಮೂರು ಸಾವಿರದ ಇನ್ನೂರೈವತ್ತು ಉಳಿಸಿದೆ" ಎಂದು ಗುಂಡಣ್ಣ ಎದೆಯುಬ್ಬಿಸಿದ.

"ಯಾವ ಬ್ಯಾಂಕಿನಲ್ಲಿ?" ಎಂದರು ಶಾಮರಾಯರು.

"ಬ್ಯಾಂಕಲ್ಲ ರಾಯರೇ, ಸಂಚಾರ ಪೊಲೀಸರ ಬಳಿ. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ದಂಡದಲ್ಲಿ ಅರ್ಧ ರಿಯಾಯಿತಿ ಬಿಟ್ಟಿದ್ದರಲ್ಲ? ಕಾದು ಕುಳಿತಿದ್ದೆ. ಹದಿಮೂರು ಕೇಸುಗಳನ್ನೂ ಒಂದೇ ಏಟಿಗೆ ತೀರಿಸಿದೆ."

"ಹದಿಮೂರೂ ಹೆಲ್ಮೆಟ್‌ನದ್ದೇ?"

"ಹೆಲ್ಮೆಟ್‌ನದ್ದೇ."

"ಅದನ್ನು ಹಾಕಿಕೊಂಡಿದ್ದರೆ ಪೂರ್ತಿ ಆರೂವರೆ ಸಾವಿರ ಉಳಿಯುತ್ತಿತ್ತಲ್ಲೋ."

ಗುಂಡಣ್ಣ ರಾಯರನ್ನು ಕನಿಕರದಿಂದ ನೋಡಿದ. "ಖರ್ಚೇ ಇಲ್ಲದ ಮೇಲೆ ಉಳಿತಾಯ ಎಲ್ಲಿಂದ ಬರಬೇಕು?"

ಇಂಥ ಅರ್ಥಶಾಸ್ತ್ರದ ಎದುರು ರಾಯರಂಥವರೂ ಒಂದು ಕ್ಷಣ ತಬ್ಬಿಬ್ಬಾಗುತ್ತಾರೆ. ಒಂದೇ ಕ್ಷಣ. ಅಷ್ಟರಲ್ಲಿ ವಕೀಲ ಸೀತಾಪತಿ, ಯಾರೂ ಕೇಳದಿದ್ದರೂ, ಕಾನೂನಿನ ವಿವರಣೆಗೆ ಇಳಿದಿದ್ದರು. ಮೋಟಾರು ವಾಹನ ಕಾಯ್ದೆಯ 200ನೇ ಕಲಮಿನಲ್ಲಿ ರಾಜಿ ದಂಡಕ್ಕೆ, ಎಂದರೆ ವಿಚಾರಣೆಯಿಲ್ಲದೆ ದಂಡ ಕಟ್ಟಿ ಕೇಸು ಮುಗಿಸುವುದಕ್ಕೆ, ಅವಕಾಶವಿದೆ. ಬಾಕಿ ಪ್ರಕರಣಗಳು ರಾಶಿ ಬಿದ್ದಿದ್ದವು. 2023ರ ಫೆಬ್ರವರಿ 11ರ ಲೋಕ ಅದಾಲತ್‌ಗೆ ಮುನ್ನ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಸಲಹೆಯಂತೆ ಮೊದಲ ಸಲ ಅರ್ಧ ರಿಯಾಯಿತಿ ಕೊಟ್ಟರು. ಜನ ಸರದಿ ನಿಂತು ಕಟ್ಟಿದರು. ಬೆಂಗಳೂರೊಂದರಲ್ಲೇ ವಸೂಲಿ ನೂರು ಕೋಟಿ ರೂಪಾಯಿ ದಾಟಿತು.

"ನೂರು ಕೋಟಿ!" ಎಂದ ಗುಂಡಣ್ಣ. "ನೋಡಿ, ನಾವೆಲ್ಲ ಸೇರಿ ಇನ್ನೊಂದು ನೂರು ಕೋಟಿ ಉಳಿಸಿದೆವು."

"ಆಷಾಢದ ಸೀರೆ ಮಾರಾಟ ಕಂಡಿದ್ದೀಯಲ್ಲ ಗುಂಡಣ್ಣ?" ಎಂದು ರಾಯರು ಕಾಫಿಯ ಲೋಟವನ್ನು ಪಕ್ಕಕ್ಕೆ ಸರಿಸಿದರು. ಲೋಟ ಸರಿಸಿದರೆಂದರೆ ಮಾತು ಉದ್ದವಾಗುತ್ತದೆಂದು ಲೆಕ್ಕ. "ಅಂಗಡಿಯವನು ಮೊದಲು ಬೆಲೆ ಏರಿಸುತ್ತಾನೆ, ಆಮೇಲೆ ಅರ್ಧ ಎಂದು ಬೋರ್ಡು ಹಾಕುತ್ತಾನೆ. ಸರ್ಕಾರವೂ ಅದನ್ನೇ ಮಾಡಿತು, ಆದರೆ ಗೆಜೆಟ್‌ನಲ್ಲಿ ಪ್ರಕಟಿಸಿ ಮಾಡಿತು. 1988ರ ಕಾಯ್ದೆಯಲ್ಲಿ ಹೆಲ್ಮೆಟ್ ಇಲ್ಲದವನಿಗೆ ಮೊದಲ ಸಲಕ್ಕೆ ದಂಡ ನೂರು ರೂಪಾಯಿ. 2019ರ ಸೆಪ್ಟೆಂಬರ್ 1ರಿಂದ ದೆಹಲಿಯವರು ಅದನ್ನು ಸಾವಿರ ಮಾಡಿದರು. ಜನ ಬೊಬ್ಬೆ ಹಾಕಿದರು. ಅದೇ ತಿಂಗಳು ನಮ್ಮ ರಾಜ್ಯದವರು ಸಾವಿರಕ್ಕೆ ಗೀಟು ಹೊಡೆದು ಐನೂರು ಎಂದು ಬರೆದರು. ಈಗ ಐನೂರರಲ್ಲಿ ಅರ್ಧ, ಇನ್ನೂರೈವತ್ತು. ನೂರು ರೂಪಾಯಿಯ ಮಾಲನ್ನು ಎರಡು ಸಲ ಅಗ್ಗ ಮಾಡಿ ಇನ್ನೂರೈವತ್ತಕ್ಕೆ ಮಾರಿದರು. ನೀನು ಉಳಿಸಿದೆ ಎಂದು ಹಲ್ಲು ಕಿರಿಯುತ್ತಿದ್ದೀಯ. ಚಿಕ್ಕಪೇಟೆಯ ಯಾವ ವ್ಯಾಪಾರಿಗೂ ಈ ಚಾತುರ್ಯ ಬರಲಿಲ್ಲ."

"ಕಲಮು 194ಡಿ" ಎಂದು ಸೀತಾಪತಿ ಸೇರಿಸಿದರು. "ಸಾವಿರ ರೂಪಾಯಿಯ ಜೊತೆಗೆ ಮೂರು ತಿಂಗಳು ಲೈಸೆನ್ಸ್ ಹೊಂದಲು ಅನರ್ಹತೆಯೂ ಇದೆ."

"ಅದಕ್ಕೂ ರಿಯಾಯಿತಿ ಉಂಟೇ? ಹದಿಮೂರು ಮೂರಲಿ ಮೂವತ್ತೊಂಬತ್ತು ತಿಂಗಳು. ಅರ್ಧಕ್ಕೆ ಇಳಿಸಿದರೂ ಗುಂಡಣ್ಣ ಒಂದೂವರೆ ವರ್ಷದ ಮೇಲೆ ನಡೆದುಕೊಂಡೇ ತಿರುಗಬೇಕು. ಸಕ್ಕರೆ ಕಾಯಿಲೆಗೂ ಒಳ್ಳೆಯದು."

ಗುಂಡಣ್ಣ ಮಾತು ಬದಲಿಸಲು, ಪೊಲೀಸರೇ ಹೆಲ್ಮೆಟ್ ಇಲ್ಲದೆ ಓಡಾಡುವುದನ್ನು ತಾನು ಕಣ್ಣಾರೆ ಕಂಡಿದ್ದೇನೆ ಎಂದ. ಈ ವಾದ ಬಂದೇ ಬರುತ್ತದೆ. ನೆಗಡಿಯ ಹಿಂದೆ ಕೆಮ್ಮು ಬಾರದಿದ್ದರೂ ಹೆಲ್ಮೆಟ್‌ನ ಮಾತಿನ ಹಿಂದೆ ಇದು ಬರುತ್ತದೆ.

"ಅದಕ್ಕೂ ಕಲಮಿದೆ. 210ಬಿ" ಎಂದರು ಸೀತಾಪತಿ. "ಕಾಯ್ದೆ ಜಾರಿ ಮಾಡುವವರೇ ಅಪರಾಧ ಮಾಡಿದರೆ ದುಪ್ಪಟ್ಟು ದಂಡ."

"ದುಪ್ಪಟ್ಟು ದಂಡ, ಅದರಲ್ಲಿ ಅರ್ಧ ರಿಯಾಯಿತಿ" ಎಂದು ರಾಯರು ಬೆರಳು ಮಡಿಸಿದರು. "ದೇಶದಲ್ಲಿ ಸರಿಯಾದ ಬೆಲೆ ಕೊಟ್ಟು ತಪ್ಪು ಮಾಡುವವರು ಪೊಲೀಸರೊಬ್ಬರೇ ಎಂದಾಯಿತು."

ಸೀತಾಪತಿಗೆ ಹುರುಪು ಬಂತು. 199ಬಿ ಕಲಮಿನ ಪ್ರಕಾರ ಪ್ರತಿ ಏಪ್ರಿಲ್ 1ಕ್ಕೆ ಕೇಂದ್ರ ಸರ್ಕಾರ ದಂಡವನ್ನು ಶೇಕಡಾ ಹತ್ತರವರೆಗೆ ಏರಿಸಬಹುದು. 210ಎ ಪ್ರಕಾರ ರಾಜ್ಯ ಸರ್ಕಾರ ಅದನ್ನು ಒಂದರಿಂದ ಹತ್ತರವರೆಗಿನ ಯಾವುದಾದರೂ ಸಂಖ್ಯೆಯಿಂದ ಗುಣಿಸಬಹುದು. ಕಾಯ್ದೆಯಲ್ಲಿ ಗುಣಾಕಾರ ಇದೆ, ಭಾಗಾಕಾರವನ್ನು ಮಾತ್ರ ನಾವೇ ಸೇರಿಸಿಕೊಂಡೆವು ಎಂದು ಅವರ ಕೊರಗು.

"ನಮ್ಮ ಕಾಲದಲ್ಲಿ ಇಷ್ಟೆಲ್ಲ ಲೆಕ್ಕವಿರಲಿಲ್ಲ" ಎಂದರು ಮೇಷ್ಟರು. ಅವರು ಬಾಯಿ ತೆರೆದದ್ದು ಆಗಲೇ. "ರಾತ್ರಿ ಸೈಕಲ್ಲಿಗೆ ದೀಪ ಇಲ್ಲದಿದ್ದರೆ ಪೇದೆ ಚಕ್ರದ ಗಾಳಿ ಬಿಡುತ್ತಿದ್ದ. ಮನೆವರೆಗೆ ತಳ್ಳಿಕೊಂಡು ಹೋಗುತ್ತಿದ್ದೆವು."

"ಅದು ಶಿಕ್ಷೆ!" ಎಂದು ರಾಯರು ಮೇಜು ತಟ್ಟಿದರು. "ತಪ್ಪು ಮಾಡಿದ ಜಾಗದಲ್ಲೇ, ಅದೇ ಗಳಿಗೆಯಲ್ಲೇ. ಇಂದು ಗಾಳಿ ಬಿಟ್ಟದ್ದು ನಿನಗೆ ಮುಂದಿನ ಸೆಪ್ಟೆಂಬರಿನಲ್ಲಿ ತಿಳಿಯುತ್ತಿರಲಿಲ್ಲ. ಅರ್ಧ ಗಾಳಿ ಬಿಟ್ಟು ಕಳುಹಿಸಿದ ಪೇದೆಯನ್ನಂತೂ ನಾನು ಕಾಣೆ. ಈಗ ಕಂಬದ ಮೇಲಿನ ಕ್ಯಾಮೆರಾ ಸದ್ದಿಲ್ಲದೆ ಬರೆದುಕೊಳ್ಳುತ್ತದೆ, ನಾವೂ ಸದ್ದಿಲ್ಲದೆ ಸಾಲ ಬೆಳೆಸುತ್ತೇವೆ. ಸ್ಕೂಟರಿನ ಬೆಲೆಗಿಂತ ಅದರ ಮೇಲಿನ ದಂಡ ಹೆಚ್ಚಾದವರ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ್ದೇವಲ್ಲ. ಗಾಡಿ ಬಿಟ್ಟು ದಂಡವನ್ನಷ್ಟೇ ಮನೆಗೆ ತರಬೇಕು."

"ಏನೇ ಆಗಲಿ ರಾಯರೇ, ಹೆಲ್ಮೆಟ್ ಹಾಕುವುದು ಬಿಡುವುದು ನನ್ನ ತಲೆಯ ವಿಷಯ" ಎಂದ ಗುಂಡಣ್ಣ, ಸ್ವಲ್ಪ ಬಿಸಿಯಾಗಿ.

"ಹೌದಪ್ಪ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಕೇಂದ್ರ ಸಾರಿಗೆ ಸಚಿವಾಲಯದ್ದೇ ಲೆಕ್ಕ. ಹೆಲ್ಮೆಟ್ ಇಲ್ಲದೆ ಸತ್ತವರೇ ಐವತ್ತು ಸಾವಿರದ ಮೇಲೆ. ಅವರೆಲ್ಲರ ತಲೆಯೂ ಅವರವರ ವಿಷಯವೇ ಆಗಿತ್ತು. ವಕೀಲರೇ, ಗುದ್ದಿ ಓಡಿಹೋದ ಗಾಡಿಯಿಂದ ಸತ್ತರೆ ಎಷ್ಟು ಕೊಡುತ್ತಾರೆ?"

"ಕಲಮು 161. ಎರಡು ಲಕ್ಷ."

"ಮೊದಲು?"

"ಇಪ್ಪತ್ತೈದು ಸಾವಿರ."

"ನೋಡು, ಅಲ್ಲಿ ಮಾತ್ರ ರಿಯಾಯಿತಿ ಇಲ್ಲ, ನಿಗದಿತ ದರ."

ಯಾರೂ ನಗಲಿಲ್ಲ. ರಾಯರಿಗೂ ಇದು ಬೇಕಿರಲಿಲ್ಲವೆನ್ನಿಸಿರಬೇಕು. "ಮೇಷ್ಟರೇ, ನೀವಾದರೂ ಈ ಮಾರಾಟಕ್ಕೆ ಹೋಗಲಿಲ್ಲ ತಾನೇ?" ಎಂದು ಅತ್ತ ತಿರುಗಿದರು.

"ಇಲ್ಲ. ನನ್ನದೂ ಒಂದು ಕೇಸಿದೆ. ಐನೂರು ರೂಪಾಯಿ. ಕಟ್ಟಿಲ್ಲ."

ಎಲ್ಲರೂ ಹೌಹಾರಿದರು. ಖಾಲಿ ರಸ್ತೆಯಲ್ಲೂ ಹಸಿರು ದೀಪಕ್ಕೆ ಕಾಯುವ ಮನುಷ್ಯ ಮೇಷ್ಟರು. ಅವರ ಮೇಲೆ ಕೇಸೇ? ಅವರು ಮೊಬೈಲ್ ತೆಗೆದು ನೋಟಿಸಿನ ಚಿತ್ರ ತೋರಿಸಿದರು. ಸ್ಕೂಟರಿನ ಮೇಲೆ ಮೇಷ್ಟರು, ತಲೆಯ ಮೇಲೆ ಹೆಲ್ಮೆಟ್ ಭದ್ರವಾಗಿದೆ. ಹಿಂದೆ ಅವರ ಮನೆಯವರು, ತಲೆಯ ಮೇಲೆ ಏನೂ ಇಲ್ಲ. ಮುಡಿಯಲ್ಲಿ ಒಂದು ಮೊಳ ಮಲ್ಲಿಗೆ. ಹಿಂಬದಿಯವರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರಲ್ಲಿ. ಮೇಷ್ಟರು ಅದೇ ವಾರ ಎರಡನೆಯದನ್ನು ಕೊಂಡಿದ್ದರು.

"ಗಾಂಧಿ ಬಜಾರಿನಲ್ಲಿ ಹೂವು ಕೊಂಡು ಬರುತ್ತಿದ್ದೆವು. ಹೆಲ್ಮೆಟ್ ಹಾಕಿದರೆ ಹೂವು ನಲುಗುತ್ತದೆ ಎಂದಳು. ಇಲ್ಲೇ ಹತ್ತಿರ ತಾನೇ ಎಂದೆ. ಈಗ ಅವಳಿಗೆ ಮಂಡಿ ನೋವು, ಸ್ಕೂಟರ್ ಹತ್ತುವುದಿಲ್ಲ. ಎಲ್ಲಿಗಾದರೂ ಆಟೋ. ದಂಡ ಕಟ್ಟಿದರೆ ಚಿತ್ರ ಅಳಿಸಿಬಿಡುತ್ತಾರೇನೋ ಎಂದು ಬಿಟ್ಟಿದ್ದೇನೆ."

"ಮೊಬೈಲಿನಲ್ಲಿ ಇಳಿಸಿಕೊಂಡರೆ ಆಯಿತಲ್ಲ ಮೇಷ್ಟರೇ?" ಎಂದ ಗುಂಡಣ್ಣ.

"ಇಳಿಸಿಕೊಂಡಿದ್ದೇನೆ."

"ಮತ್ತೆ?"

"ಇರಲಿ ಬಿಡಪ್ಪ."

ಮೊಬೈಲ್ ಕೈಯಿಂದ ಕೈಗೆ ಹೋಯಿತು. ಚಿತ್ರದಲ್ಲಿ ಆಕೆ ಏನೋ ಹೇಳುತ್ತಿದ್ದಾರೆ, ಮೇಷ್ಟರು ಹೆಲ್ಮೆಟ್‌ನೊಳಗಿನ ಕಿವಿಯನ್ನು ಅತ್ತ ಕೊಡಲು ನೋಡುತ್ತಿದ್ದಾರೆ. ಜೋಡಿಯಾಗಿ ಫೋಟೋ ತೆಗೆಸಿಕೊಳ್ಳುವ ಪೈಕಿ ಅಲ್ಲ ಅವರಿಬ್ಬರೂ. ಮದುವೆಯ ದಿನದ್ದು ಬಿಟ್ಟರೆ ಇದೇ ಇರಬೇಕು.

"ಕಟ್ಟಿಬಿಡಿ ಮೇಷ್ಟರೇ" ಎಂದರು ರಾಯರು, ಮೊಬೈಲ್ ಹಿಂತಿರುಗಿಸುತ್ತ. "ರಿಯಾಯಿತಿಗೆ ಕಾಯಬೇಡಿ, ಪೂರ್ತಿ ಐನೂರು ಕೊಡಿ. ಯಾವ ಸ್ಟುಡಿಯೋದವನೂ ನಿಮ್ಮಿಬ್ಬರನ್ನು ಇಷ್ಟು ಚೆನ್ನಾಗಿ ತೆಗೆಯುತ್ತಿರಲಿಲ್ಲ."

ಗುಂಡಣ್ಣ ಆಸೆಯಿಂದ ತನ್ನ ಹದಿಮೂರು ಚಿತ್ರಗಳನ್ನೂ ತೆರೆದು ತೋರಿಸಿದ. ಹದಿಮೂರರಲ್ಲೂ ಅವನ ಬೋಳುತಲೆಯೊಂದೇ ಫಳಫಳ ಹೊಳೆಯುತ್ತಿತ್ತು.

ಅಷ್ಟರಲ್ಲಿ ಗಲ್ಲಾದಿಂದ ಭಟ್ಟರು ಉದ್ದನೆಯ ಪುಸ್ತಕ ಹಿಡಿದು ಬಂದರು. "ಗುಂಡಣ್ಣನವರದು ಹಳೆಯ ಬಾಕಿ ನಾನೂರ ಎಂಬತ್ತು ಇದೆ."

"ಬರೆದುಕೊಂಡಿರಿ ಭಟ್ಟರೇ. ನೀವೂ ಒಂದು ಅರ್ಧ ರಿಯಾಯಿತಿ ಬಿಡಿ, ಅಂದೇ ಬಂದು ಚುಕ್ತಾ ಮಾಡುತ್ತೇನೆ."

ಭಟ್ಟರು ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದರು. "ಆಗಲಿ, ಇಂದೇ ಬಿಡುತ್ತೇನೆ. ವಕೀಲರೇ, ಆ ಗುಣಿಸುವ ಕಲಮು ಯಾವುದೆಂದಿರಿ?"

"210ಎ. ಒಂದರಿಂದ ಹತ್ತರವರೆಗೆ."

"ರಾಯರೇ, ಎಷ್ಟರಿಂದ ಗುಣಿಸಲಿ?"

"ನಾಲ್ಕು ಸಾಕು ಭಟ್ಟರೇ" ಎಂದರು ರಾಯರು. "ಅರ್ಧ ಕಳೆದರೂ ಅವನಿಗೆ ಒಂಬೈನೂರ ಅರವತ್ತು ರೂಪಾಯಿ ಉಳಿತಾಯ."