ನಾಲ್ಕು ಸಲ ಓದಿದರೂ ಇತಿಹಾಸ ತಲೆಯಲ್ಲಿ ನಿಲ್ಲುತ್ತಿಲ್ಲ, ರಿವಿಷನ್ ಹೇಗೆ ಮಾಡ್ತೀರಿ?

ಪ್ರಶ್ನೆ

ಪದವಿ ಎರಡನೇ ವರ್ಷ, ಇತಿಹಾಸ. ಪರೀಕ್ಷೆಗೆ ಐದು ವಾರ ಇದೆ. ಆಧುನಿಕ ಯುರೋಪ್ ಪೇಪರ್ ನೆನೆಸಿಕೊಂಡರೆ ಭಯ. ಫ್ರಾನ್ಸ್ ಕ್ರಾಂತಿಯ ಪಾಠವನ್ನು ನಾಲ್ಕು ಸಲ ಓದಿದ್ದೇನೆ. ಹೈಲೈಟರ್ ಎಳೆದು ಎಳೆದು ಪುಟವೆಲ್ಲ ಹಳದಿ, ಬಿಳಿ ಸಾಲು ಹುಡುಕಬೇಕು! ಓದುವಾಗ ಎಲ್ಲ ಗೊತ್ತಿದೆ ಅನ್ನಿಸುತ್ತದೆ. ಕಳೆದ ಟೆಸ್ಟ್‌ನಲ್ಲಿ ‘ಕ್ರಾಂತಿಗೆ ಹಣಕಾಸಿನ ಬಿಕ್ಕಟ್ಟು ಎಷ್ಟರ ಮಟ್ಟಿಗೆ ಕಾರಣ?’ ಅಂತ ಕೇಳಿದ್ದರು. ನಾನು ಬ್ಯಾಸ್ಟಿಲ್ ಕೋಟೆಗೆ ಜನ ನುಗ್ಗಿದ್ದನ್ನು ಎರಡು ಪುಟ ಬರೆದು ಬಂದೆ. 20ಕ್ಕೆ 7. ಇಸವಿಗಳಂತೂ ಒಂದರೊಳಗೊಂದು ಕಲಸಿಹೋಗುತ್ತವೆ. ದಾರಿ ಹೇಳಿ.

ಉತ್ತರ 1

ಇದೇ ಪೇಪರ್‌ನಲ್ಲಿ ಒಮ್ಮೆ ಫೇಲಾದವನು ನಾನು. ಈಗ ಇದನ್ನೇ ಪಾಠ ಮಾಡುತ್ತೇನೆ. ಹಾಗಾಗಿ ಸ್ವಲ್ಪ ಉದ್ದ ಬರೆದರೆ ಬೇಸರ ಮಾಡಿಕೊಳ್ಳಬೇಡಿ.

ಮೊದಲು ಆ ಹೈಲೈಟರ್ ಎತ್ತಿಡಿ. ನಾಲ್ಕನೇ ಸಲ ಓದುವಾಗ ಎಲ್ಲ ಗೊತ್ತಿದೆ ಅನ್ನಿಸುತ್ತದಲ್ಲ, ಮೋಸ ಇರುವುದೇ ಅಲ್ಲಿ. ಆಗ ಕಣ್ಣಿಗೆ ಪುಟದ ಗುರುತು ಸಿಕ್ಕಿರುತ್ತದೆ ಅಷ್ಟೇ. ಪರೀಕ್ಷೆಯಲ್ಲಿ ಪುಟ ಎದುರಿಗೆ ಇರುವುದಿಲ್ಲ.

ನಾನು ಮಾಡುವುದು ಹೀಗೆ. ಪಾಠ ಒಮ್ಮೆ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆ ತೆಗೆದುಕೊಳ್ಳಿ. ನೆನಪಿಗೆ ಬಂದದ್ದನ್ನೆಲ್ಲ ಬರೆಯಿರಿ. ಕೈ ನಿಂತರೂ ತಕ್ಷಣ ಪುಸ್ತಕ ತೆರೆಯಬೇಡಿ, ಐದು ನಿಮಿಷ ಒದ್ದಾಡಿ. ಆಮೇಲೆ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಿ. ನಾಳೆ ಓದಬೇಕಾದದ್ದು ಆ ಕೆಂಪು ಮಾತ್ರ. ಮತ್ತೆ ಮೂರು ದಿನ ಬಿಟ್ಟು ಇನ್ನೊಂದು ಖಾಲಿ ಹಾಳೆ, ಒಂದು ವಾರ ಬಿಟ್ಟು ಮತ್ತೊಂದು. ಮೊದಲನೇ ಹಾಳೆ ನೋಡಿದರೆ ಅಳು ಬರುತ್ತದೆ, ಬರಲಿ ಬಿಡಿ. ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಅಕ್ಷರಗಳನ್ನು ತಾನೇ ಉರು ಹೊಡೆದು, ಎಷ್ಟು ಬೇಗ ಮರೆಯುತ್ತೇವೆ ಅಂತ ಅಳೆದು 1885ರಲ್ಲೇ ಪ್ರಕಟಿಸಿದ್ದ. ಮರೆವು ಜಾಸ್ತಿ ಆಗುವುದು ಮೊದಲ ಒಂದೆರಡು ದಿನದಲ್ಲೇ. ಅದಕ್ಕೇ ಮರುದಿನದ ರಿವಿಷನ್ ತಪ್ಪಿಸಬಾರದು.

ಇನ್ನು ಇಸವಿ. ಬಿಡಿಬಿಡಿಯಾಗಿ ಉರು ಹೊಡೆದರೆ ಕಲಸಿಯೇ ಹೋಗುತ್ತವೆ. ‘ಅದಕ್ಕೇ’ ಅಂತ ಸೇರಿಸಿಕೊಂಡು ಹೇಳಿ ನೋಡಿ. ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ನೆರವು ಕೊಟ್ಟು ಫ್ರಾನ್ಸಿನ ಸಾಲ ಇನ್ನಷ್ಟು ಏರಿತು. ಅದಕ್ಕೇ 1787ರಲ್ಲಿ ಗಣ್ಯರ ಸಭೆ ಕರೆದು, ಅವರ ಭೂಮಿಗೂ ತೆರಿಗೆ ಹಾಕಲು ಹೊರಟರು. ಸಭೆ ಒಪ್ಪಲಿಲ್ಲ. ಕೊನೆಗೆ 1614ರ ನಂತರ ಸೇರಿಯೇ ಇರದ ಎಸ್ಟೇಟ್ಸ್ ಜನರಲ್ ಅನ್ನು, ಅಂದರೆ ಪಾದ್ರಿಗಳು, ಶ್ರೀಮಂತರು, ಉಳಿದ ಸಾಮಾನ್ಯರು ಎಂಬ ಮೂರು ವರ್ಗಗಳ ಪ್ರತಿನಿಧಿಗಳ ಸಭೆಯನ್ನು, ಕರೆಯಬೇಕಾಯಿತು. ಅದು ಸೇರಿದ್ದು 1789ರ ಮೇ 5ಕ್ಕೆ. ಮತ ಎಣಿಸುವುದು ಹೇಗೆ ಅಂತ ಜಗಳ. ಅದಕ್ಕೇ ಜೂನ್ 17ಕ್ಕೆ ಮೂರನೇ ವರ್ಗದವರು ತಾವೇ ರಾಷ್ಟ್ರೀಯ ಸಭೆ ಅಂತ ಘೋಷಿಸಿಕೊಂಡರು. ಜೂನ್ 20ಕ್ಕೆ ಟೆನಿಸ್ ಅಂಗಳದ ಪ್ರತಿಜ್ಞೆ, ಅಂದರೆ ಸಂವಿಧಾನ ಆಗುವ ತನಕ ಚದುರುವುದಿಲ್ಲ ಅಂತ ಆಣೆ. ಜುಲೈ 14ಕ್ಕೆ ಬ್ಯಾಸ್ಟಿಲ್. ಮೇ 5ರಿಂದ ಎಣಿಸಿದರೆ ಸರಿಯಾಗಿ ಹತ್ತು ವಾರ, ಎರಡೂ ಮಂಗಳವಾರ. ಈ ಸರಪಳಿಯನ್ನು ಒಮ್ಮೆ ಬಾಯಿಬಿಟ್ಟು ಹೇಳಿದರೆ ಟೆಸ್ಟ್‌ನಲ್ಲಿ ಎಲ್ಲಿ ಎಡವಿದಿರಿ ಅಂತ ನಿಮಗೇ ಗೊತ್ತಾಗುತ್ತದೆ. ಅವರು ಕೇಳಿದ್ದು ಮೊದಲ ಕೊಂಡಿ, ನೀವು ಬರೆದದ್ದು ಕೊನೆಯ ಕೊಂಡಿ.

‘ಎಷ್ಟರ ಮಟ್ಟಿಗೆ’ ಅಂತ ಕೇಳಿದರೆ ನಿಮ್ಮ ತೀರ್ಪು ಬೇಕು, ಕತೆ ಅಲ್ಲ. ಹಳೆ ಪ್ರಶ್ನೆಪತ್ರಿಕೆ ತೆಗೆದು ಪೂರ್ತಿ ಉತ್ತರ ಬರೆಯಬೇಕೆಂದೇನಿಲ್ಲ. ಒಂದು ಪ್ರಶ್ನೆಗೆ ಹತ್ತು ನಿಮಿಷದಲ್ಲಿ ತೀರ್ಪಿನ ಒಂದು ಸಾಲು, ಪ್ಯಾರಾಗೊಂದು ಸಾಲು ಗೀಚಿ. ದಿನಕ್ಕೆ ಎರಡು ಸಾಕು.

ಉತ್ತರ 2

ಮೇಲಿನವರು ಹೇಳಿದ್ದು ಸರಿ, ಆದರೆ ಬಾಯಿಪಾಠವನ್ನು ಅಷ್ಟು ಬೈಯಬೇಡಿ ಸರ್ :) ಪಾಠಕ್ಕೆ ಆರೇಳು ಇಸವಿ ಕಣ್ಣುಮುಚ್ಚಿದರೂ ಬರಬೇಕು. ನಾನು ಸಣ್ಣ ಕಾರ್ಡ್ ಮಾಡುತ್ತೇನೆ, ಮುಂದೆ ಘಟನೆ, ಹಿಂದೆ ದಿನಾಂಕ. ತಪ್ಪಿದ ಕಾರ್ಡ್ ಮೇಲಕ್ಕೆ, ಬಂದದ್ದು ಕೆಳಕ್ಕೆ. ಏನಾದರೂ ವಿಚಿತ್ರ ಸಿಕ್ಕರೆ ಅದನ್ನೂ ಕಾರ್ಡ್‌ನಲ್ಲಿ ಬರೆದಿಡಿ. ಸರಾಯೆವೋದಲ್ಲಿ ಆಸ್ಟ್ರಿಯಾದ ಯುವರಾಜನನ್ನು ಕೊಂದದ್ದು 1914ರ ಜೂನ್ 28. ಆ ಕೊಲೆಯಿಂದ ಹೊತ್ತಿಕೊಂಡ ಮೊದಲ ಮಹಾಯುದ್ಧದ ನಂತರ ಜರ್ಮನಿಯೊಂದಿಗೆ ಮಾಡಿಕೊಂಡ ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಬಿದ್ದದ್ದು 1919ರ ಅದೇ ಜೂನ್ 28! ರಷ್ಯಾದ ಅಕ್ಟೋಬರ್ ಕ್ರಾಂತಿ ನಮ್ಮ ಕ್ಯಾಲೆಂಡರ್ ಪ್ರಕಾರ ನಡೆದದ್ದು ನವೆಂಬರ್ 7ಕ್ಕೆ, ಅವರ ಹಳೆ ಕ್ಯಾಲೆಂಡರ್ 13 ದಿನ ಹಿಂದೆ ಇತ್ತು. ಇಂಥವು ಮರೆಯುವುದಿಲ್ಲ ಅಲ್ವಾ.

ಪ್ರಶ್ನೆ ಕೇಳಿದವರು

ನಿನ್ನೆ ರಾತ್ರಿ ಖಾಲಿ ಹಾಳೆ ಪ್ರಯತ್ನ ಮಾಡಿದೆ. ನಾಲ್ಕು ಸಲ ಓದಿದ ಪಾಠ, ಬಂದದ್ದು ಅರ್ಧ ಪುಟ. ನಾಚಿಕೆಯಾಯಿತು. ಒಂದು ಕಡೆ ಪೂರ್ತಿ ಸಿಕ್ಕಿಹಾಕಿಕೊಂಡೆ. ಎಸ್ಟೇಟ್ಸ್ ಜನರಲ್‌ನಲ್ಲಿ ಮೂರನೇ ವರ್ಗದ ಪ್ರತಿನಿಧಿಗಳ ಸಂಖ್ಯೆಯನ್ನು ದುಪ್ಪಟ್ಟು ಮಾಡಿದ್ದರಲ್ಲ, ಮತ್ತೆ ಮತ ಎಣಿಕೆಗೆ ಜಗಳ ಯಾಕೆ?

ಉತ್ತರ 1

ಅರ್ಧ ಪುಟ ಬಂತಾ? ನನ್ನ ಮೊದಲ ಹಾಳೆಯಲ್ಲಿ ಇದ್ದದ್ದು ಒಂಬತ್ತು ಸಾಲು.

ತಲೆ ಎಣಿಸಿದರೆ ತಾನೇ ದುಪ್ಪಟ್ಟು ಮಾಡಿದ್ದಕ್ಕೆ ಬೆಲೆ? 1614ರ ಪದ್ಧತಿಯಲ್ಲಿ ವರ್ಗಕ್ಕೊಂದು ಮತ. ಪಾದ್ರಿಗಳದು ಒಂದು, ಶ್ರೀಮಂತರದು ಒಂದು, ಮೂರನೇ ವರ್ಗದವರದು ಒಂದು. ಆರುನೂರು ಜನ ಬಂದು ಕೂತರೂ ಎರಡಕ್ಕೆ ಒಂದರಂತೆ ಸೋಲಬಹುದು. ಸಾಲದಿಂದ ಶುರುವಾದದ್ದು ಅಧಿಕಾರ ಯಾರದು ಅನ್ನುವ ಜಗಳಕ್ಕೆ ತಿರುಗಿದ್ದು ಇಲ್ಲೇ. ನಿಮ್ಮ ಟೆಸ್ಟ್ ಪ್ರಶ್ನೆಯ ‘ಎಷ್ಟರ ಮಟ್ಟಿಗೆ’ಗೆ ಉತ್ತರ ಹುಡುಕಬೇಕಾದ್ದೂ ಇಲ್ಲೇ. ಇದನ್ನು ಕೆಂಪಿನಲ್ಲಿ ಬರೆದುಕೊಳ್ಳಿ. ಮೂರು ದಿನ ಬಿಟ್ಟು ಎರಡನೇ ಹಾಳೆ ಎಷ್ಟು ತುಂಬಿತು ಅಂತ ಹೇಳಿ.