ರೇಸ್ ಬಿಟ್ಟ ಗ್ರೇಹೌಂಡ್ ಮನೆಗೆ ತರಬಹುದಾ? 4 ವರ್ಷದ ಮಗು ಇದೆ

ತಿಪಟೂರು: ಎಲ್ಲರಿಗೂ ನಮಸ್ಕಾರ. ಊರು ತಿಪಟೂರು, ಈಗ ಮೆಲ್ಬರ್ನ್‌ನಲ್ಲಿದೀವಿ. ರೇಸ್ ಮುಗಿಸಿದ ಗ್ರೇಹೌಂಡ್ ದತ್ತು ತಗೊಳ್ಳೋಣ ಅಂತಿದೀವಿ. ಮಗಳಿಗೆ 9, ಮಗನಿಗೆ 4. ಬಾಡಿಗೆ ಮನೆ, ಹಿತ್ತಲಿಗೆ ಐದಡಿ ಬೇಲಿ. ಮುಂದಿನ ತಿಂಗಳು ಅತ್ತೆ ಬರ್ತಾರೆ. ಓಡೋದಕ್ಕೇ ಬೆಳೆಸಿದ ನಾಯಿ ಮಗು ಮೇಲೆ ಬೀಳುತ್ತೇನೋ ಅನ್ನೋದೇ ಭಯ. ಗೊತ್ತಿರೋರು ಹೇಳಿ.

ಗೌರಿಬಿದನೂರು: ಅಕ್ಕಾ, ಓಟಕ್ಕಿಂತ ಅದರ ನಿದ್ದೆ ಬಗ್ಗೆ ಯೋಚಿಸಿ. ದಿನದ ಬಹುಪಾಲು ಮಲಗಿಯೇ ಇರುತ್ತೆ, ಕೆಲವು ಕಣ್ಣು ಬಿಟ್ಕೊಂಡೇ ಮಲಗ್ತವೆ. ಕೆನಲ್‌ನಲ್ಲಿ, ಅಂದ್ರೆ ರೇಸ್ ನಾಯಿಗಳನ್ನ ಇಡೋ ಗೂಡಿನಲ್ಲಿ, ಮಲಗಿದ್ದಾಗ ಯಾರೂ ಮುಟ್ಟಿರಲ್ಲ. ಮಗು ಹೋಗಿ ಅಪ್ಪಿಕೊಂಡರೆ ಬೆಚ್ಚಿಬಿದ್ದು ಬಾಯಿ ಹಾಕಬಹುದು. ಹಾಸಿಗೆಯನ್ನು ಓಡಾಡೋ ದಾರಿ ತಪ್ಪಿಸಿ ಮೂಲೆಗೆ ಹಾಕಿ, ಎದುರಿಗೆ ಮಕ್ಕಳ ತಡೆಗೇಟ್ ಕೂರಿಸಿ. ಮಗಳಿಗೆ ದೂರದಿಂದ ಹೆಸರು ಕರೆದು ಎಬ್ಬಿಸೋದು ಕಲಿಸಿ. ಮಗನಿಗೆ ಹೇಳಿದರೆ ಸಾಲದು, ಗೇಟೇ ಬೇಕು. ನಾಯಿ ಊಟದ ತಟ್ಟೆ ಹತ್ತಿರವೂ ಬಿಡಬೇಡಿ. ದೊಡ್ಡವರಿಲ್ಲದೆ ಮಗು, ನಾಯಿ ಎರಡನ್ನೇ ಒಂದು ಕೋಣೆಯಲ್ಲಿ ಬಿಡಲೇಬೇಡಿ.

ಐದಡಿ ಬೇಲಿ ಸಾಮಾನ್ಯವಾಗಿ ಸಾಕು, ಗೇಟಿನ ಚಿಲಕ, ಕೆಳಗಿನ ಸಂದು ನೋಡಿ. ಕುತ್ತಿಗೆ ತಲೆಗಿಂತ ದಪ್ಪ, ಹಿಂದಕ್ಕೆ ಜಗ್ಗಿದರೆ ಮಾಮೂಲಿ ಬೆಲ್ಟ್ ಕಳಚಿಕೊಳ್ಳುತ್ತೆ. ಜಗ್ಗಿದಾಗ ಒಂದು ಮಿತಿಯವರೆಗೆ ಮಾತ್ರ ಬಿಗಿಯಾಗೋ ಮಾರ್ಟಿಂಗೇಲ್ ಬೆಲ್ಟ್ ತಗೊಳ್ಳಿ. ಮೆಲ್ಬರ್ನ್ ಇರೋ ವಿಕ್ಟೋರಿಯಾ ರಾಜ್ಯದಲ್ಲಿ 2019ರ ಜನವರಿಯಿಂದ ಸಾಕಿದ ಗ್ರೇಹೌಂಡ್‌ಗೆ ಬಾಯಿಕುಕ್ಕೆ ಕಡ್ಡಾಯವಿಲ್ಲ, ಆದರೆ ಮನೆಯಿಂದಾಚೆ ಹಗ್ಗ ಬಿಚ್ಚೋ ಹಾಗಿಲ್ಲ. ಗಂಟೆಗೆ 60 ಕಿ.ಮೀ. ಓಡೋ ನಾಯಿ ಮೊಲ ಕಂಡರೆ ಕೂಗು ಕೇಳಿಸಿಕೊಳ್ಳಲ್ಲ.

ಕುಣಿಗಲ್: ಸ್ಟಡ್ ಫಾರಂ ಊರಿನವರಿಗೆ ಓಟದ ಪ್ರಾಣಿ ಹೊಸದಲ್ಲ, ಟಿಪ್ಪು ಕಾಲದಿಂದ ಕುದುರೆ ಸಾಕಿದ ನೆಲ ನಮ್ಮದು. ಆದರೆ ಬೇಟೆನಾಯಿ ಅಂದ್ರೆ ಮುಧೋಳ. 2005ರಲ್ಲಿ ಅಂಚೆಚೀಟಿ ಮೇಲೇ ಬಂತು. ನಮ್ಮದನ್ನ ಬಿಟ್ಟು ಇದ್ಯಾಕೆ?

ಮಾಲೂರು: ನಾಯಿ ಮಾತು ಆಮೇಲೆ. ಮಕ್ಕಳಿಗೆ ಕನ್ನಡ ಬರುತ್ತಾ, ಅದು ಹೇಳಮ್ಮ. ನಾಯಿ ಬಂದ ಮೇಲೆ ಮನೆಯಲ್ಲಿ ಸಿಟ್, ಸ್ಟೇ, ಗುಡ್ ಬಾಯ್. ಇರೋ ನಾಲ್ಕು ಕನ್ನಡ ಮಾತೂ ಹೋಗುತ್ತೆ. ಅಜ್ಜಿ ಬರ್ತಿದಾರೆ, ಮಕ್ಕಳನ್ನ ಅವರ ಮಡಿಲಿಗೆ ಬಿಡಿ. ನಮ್ಮ ಮಕ್ಕಳ ವಿಷಯದಲ್ಲಿ ಆ ಹೊತ್ತು ಕಳ್ಕೊಂಡ್ವಿ, ಈಗ ಅವರು ಅಜ್ಜಿ ಜೊತೆ ಫೋನಲ್ಲಿ ಎರಡು ಮಾತಾಡಲ್ಲ.

ಚಿಂತಾಮಣಿ: ಮಾಲೂರಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ಮೊದಲು ವಾರದ ಕನ್ನಡ ಶಾಲೆಗೆ ಸೇರಿಸಿ.

ಮಧುಗಿರಿ: ಅಣ್ಣಾ, ಆ ನಾಯಿಗೆ ಇಂಗ್ಲಿಷೂ ಬರಲ್ಲ. ಬಾ, ಕೂತ್ಕೋ ಅಂದ್ರೂ ಕಲಿಯುತ್ತೆ. ತಿಪಟೂರಕ್ಕಾ, ಬಾಡಿಗೆ ಮನೆ ಅಂತ ಹೆದರಬೇಡಿ. 2020ರ ಮಾರ್ಚ್‌ನಿಂದ ಇಲ್ಲಿ ಮಾಲೀಕರು ಸುಮ್ಮನೆ ಬೇಡ ಅನ್ನೋ ಹಾಗಿಲ್ಲ. ನಾಯಿ ಸಾಕೋಕೆ ಒಪ್ಪಿಗೆ ಕೇಳೋ ನಿಗದಿತ ಫಾರಂ ತುಂಬಿ ಕೊಡಿ. ಬೇಡ ಅನ್ನೋದಾದ್ರೆ 14 ದಿನದೊಳಗೆ ಅವರೇ ಟ್ರಿಬ್ಯೂನಲ್‌ಗೆ (ಬಾಡಿಗೆ ತಕರಾರು ನೋಡೋ ನ್ಯಾಯಮಂಡಳಿ) ಅರ್ಜಿ ಹಾಕಬೇಕು.

ಅತ್ತೆಗೆ ಮುಂಚೆಯೇ ಹೇಳಿ: ಬಸ್ಸಾರು, ಹುಳಿ, ಉಳಿದ ಅನ್ನ ಹಾಕಬಾರದು. ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತಕಣ ಒಡೆಯುತ್ತೆ. ನಮ್ಮ ಕಡೆಯ ದ್ರಾಕ್ಷಿ, ಪಾಯಸದ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. 30 ಕಿಲೋ ನಾಯಿಗೆ ದಿನಕ್ಕೆ ಅಂದಾಜು 350–400 ಗ್ರಾಂ ಒಣ ಆಹಾರ, ಎರಡು ಹೊತ್ತಿಗೆ ಹಂಚಿ. ಕೆನಲ್ ಊಟದಿಂದ ಒಂದೇ ಸಲ ಬದಲಿಸಿದರೆ ಭೇದಿ ಆಗಬಹುದು, ಒಂದು ವಾರ ಬೆರೆಸುತ್ತಾ ಬನ್ನಿ.

ಮಾಲೂರು: ಊಟದ ಲೆಕ್ಕ ಬಂತು, ಮಕ್ಕಳ ಭಾಷೆ ಲೆಕ್ಕ ಬರಲಿಲ್ಲ. ನಾನು ಹೇಳೋದು ಹೇಳಿದೀನಿ.

ಶಿರಾ: ಗ್ರೇಹೌಂಡ್ ನೋಡಿ ಅಭ್ಯಾಸ ಇರೋ ಡಾಕ್ಟರನ್ನೇ ಹುಡುಕಿ. ಮೈಯಲ್ಲಿ ಕೊಬ್ಬು ಕಡಿಮೆ, ಥಯೊಪೆಂಟೋನ್ ಥರದ ಅರಿವಳಿಕೆ ಇಳಿಯೋದು ತುಂಬಾ ನಿಧಾನ. ರಕ್ತಪರೀಕ್ಷೆಯಲ್ಲಿ ನೋಡೋ ಥೈರಾಯ್ಡ್ ಹಾರ್ಮೋನ್ ಟಿ-4 ಇವುಗಳಲ್ಲಿ ಹುಟ್ಟಿನಿಂದಲೇ ಕಡಿಮೆ, ಬರೀ ಅದನ್ನ ನೋಡಿ ಮಾತ್ರೆ ಶುರು ಮಾಡಿಸಬೇಡಿ. ಹಲ್ಲು ಮೊದಲೇ ತೋರಿಸಿ, ಮೆತ್ತನೆ ಊಟದಿಂದ ಹಾಳಾಗಿರುತ್ತೆ.

ಕೋಲಾರ: ರಜಕ್ಕೆ ಊರಿಗೆ ಬರುವಾಗ ಜೊತೆಗೇ ಕರ್ಕೊಂಡು ಬಂದ್ರೆ ಆಗಲ್ವಾ?

ಗೌರಿಬಿದನೂರು: ಆಗಲ್ಲ ಸರ್. ಭಾರತಕ್ಕೆ ಹೋದ ನಾಯಿ ನೇರವಾಗಿ ಆಸ್ಟ್ರೇಲಿಯಾಕ್ಕೆ ವಾಪಸ್ ಬರೋಕೆ ಅನುಮತಿ ಇಲ್ಲ. ಇಲ್ಲೇ ನಾಯಿ ವಸತಿ ಗೊತ್ತು ಮಾಡಿ, ಮೊದಲು ಒಂದು ರಾತ್ರಿ ಬಿಟ್ಟು ನೋಡಿ. ಕೆನಲ್‌ನಲ್ಲಿ ಜೊತೆ ನಾಯಿಗಳ ಮಧ್ಯೆ ಬೆಳೆದದ್ದು, ಒಂಟಿಯಾದ್ರೆ ಅಳುತ್ತೆ. ತಿಪಟೂರಕ್ಕಾ, ಹಿತ್ತಲ ಬಾಗಿಲು ಗಾಜಿನದಾದ್ರೆ ನಾಯಿಯ ಕಣ್ಣಿನ ಎತ್ತರಕ್ಕೆ ಬಣ್ಣದ ಟೇಪ್ ಅಂಟಿಸಿ, ಗಾಜು ಕಾಣದೆ ನುಗ್ಗಿ ಪೆಟ್ಟು ಮಾಡ್ಕೊಳ್ಳುತ್ತೆ.